ನಮ್ಮ ಟೀಮಿಗಾಗಿ ನಾನು ಮೀನು ಬಿಟ್ಟದ್ದು

ಈ ಸಲ ನಮ್ಮ ಅಮದಳ್ಳಿ ಟೀಮು ಗೆದ್ದೇ ಗೆಲ್ಲುತ್ತದೆ ಎಂದು ನನಗೆ ಖಾತ್ರಿಯಿತ್ತು. ಭತ್ತದ ಕೊಯ್ಲು ಮುಗಿದು, ಗದ್ದೆಯ ಕೂಳೆ ಸವರಿ ಮೂರು ಕೋಲು ನೆಟ್ಟರೆಂದರೆ ನಮ್ಮ ಕಡೆ ಕ್ರಿಕೆಟ್ ಸೀಸನ್ನು ಶುರು. ಪ್ರತಿವರ್ಷ ಆ ದಿನ ನನಗೆ ಹೀಗೆ ಖಾತ್ರಿಯಾಗುತ್ತದೆ. ಹಿಂದಿನ ವರ್ಷ ನಾವು ಒಂದೂ ಪಂದ್ಯ ಗೆದ್ದಿರಲಿಲ್ಲ. ಅದನ್ನೂ ನಾನು ಶುಭಸೂಚನೆಯೆಂದೇ ತಿಳಿದೆ. ಸೋಲಿಗೂ ಒಂದು ದಾಸ್ತಾನು ಇರುತ್ತದಲ್ಲ, ಅದೂ ಖಾಲಿಯಾಗಬೇಡವೇ? ಮೇಲಾಗಿ ಹೊಸ ಜೆರ್ಸಿ ಬಂದಿತ್ತು. ಹಣಕೋಣದಿಂದ ಆರಡಿ ಎತ್ತರದ ವೇಗದ ಬೌಲರ್ ಕೂಡ ಬಂದಿದ್ದ.

ನಾನು ಜನ್ಮದಲ್ಲಿ ಬ್ಯಾಟು ಹಿಡಿದವನಲ್ಲ. ಹಾಗಾಗಿ ಸಲಹೆ ಕೊಡುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂದಿತ್ತು. ದೇವಸ್ಥಾನದ ಕಟ್ಟೆಯ ಮೇಲೆ ಸೀಸನ್ನಿನ ಮೊದಲ ಸಭೆ. ರಿಕ್ಷಾ ಓಡಿಸುವ ಗಜಾನನ ನಮ್ಮ ಕ್ಯಾಪ್ಟನ್. "ಅಣ್ಣಾ, ಎರಡು ಮಾತು ಹೇಳಿ" ಎಂದ. ಎರಡೇ ಮಾತಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮೂರನೆಯ ಮಾತಿಗೆ ನಾನು ದೇವರ ಕಡೆ ತಿರುಗಿ ಕೈಮುಗಿದು, "ನಮ್ಮ ಟೀಮು ಒಂದು ಪಂದ್ಯ ಗೆಲ್ಲುವ ತನಕ ನಾನು ಮೀನು ಮುಟ್ಟುವುದಿಲ್ಲ" ಎಂದುಬಿಟ್ಟೆ!

ನಮ್ಮೂರಲ್ಲಿ ಬೀಡಿ ಬಿಟ್ಟವರಿದ್ದಾರೆ, ನೌಕರಿ ಬಿಟ್ಟವರಿದ್ದಾರೆ, ಸಂಸಾರ ಬಿಟ್ಟು ಸನ್ಯಾಸಿಯಾದವನೂ ಒಬ್ಬನಿದ್ದಾನೆ. ಅವನೂ ಮೀನು ಬಿಟ್ಟಿಲ್ಲವೆಂದು ಕೇಳಿದ್ದೇನೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಸುಶೀಲಾ ಬಾಗಿಲಲ್ಲೇ ನಿಂತಿದ್ದಳು.

"ಹೌದಾ ಮಾರಾಯ್ರೆ, ಮೀನು ಬಿಟ್ರಂತೆ? ಅದೂ ಆ ಪೋರಗೋಳ್ನ ನಂಬ್ಕಂಡು?"

"ಒಂದೇ ವಾರದ ಮಾತು. ಬರೋ ಭಾನುವಾರ ಗೆಲ್ತೇವೆ."

"ಅಡ್ಡಿಲ್ಲ. ನಾಳಿಂದ ನಿಮ್ಗೆ ಬಸಳೆ, ನಂಗೆ ಬಂಗಡೆ."

ಮೊದಲ ಪಂದ್ಯ ತೋಡೂರಿನಲ್ಲಿ. ನಮ್ಮ ಹುಡುಗರು ಸಂಸ್ಕಾರವಂತರು. ಒಬ್ಬನೇ ಗಂಟೆಗಟ್ಟಲೆ ಆಡುತ್ತ ಉಳಿದವರನ್ನು ಬಿಸಿಲಲ್ಲಿ ಕಾಯಿಸುವುದು ಶೋಭೆಯಲ್ಲವೆಂದು ಒಬ್ಬರ ಹಿಂದೊಬ್ಬರು ಲಗುಬಗೆಯಿಂದ ವಾಪಸಾದರು. ಆರಡಿಯ ಬೌಲರ್ ಗದ್ದೆಯ ಆಚೆ ಬದಿಯಿಂದ ಓಡಿ ಬಂದ. ಅವನೇ ಚೆಂಡಿಗಿಂತ ಬೇಗ ಬರುತ್ತಿದ್ದ!

"ಗಾಳಿ ಎದುರಿಗಿತ್ತು ಅಣ್ಣಾ" ಎಂದ ಗಜಾನನ. ಎರಡನೆಯ ಭಾನುವಾರ ಗಾಳಿ ಹಿಂದಿನಿಂದಿತ್ತು. ಆಗಲೂ ಸೋತೆವು.

ಆ ಹದಿನೈದು ದಿನ ಸಮುದ್ರಕ್ಕೇನಾಗಿತ್ತೋ! ಬಂಗಡೆಯೇನು, ತಾರ್ಲೆಯೇನು, ಶೆಟ್ಲಿಯೇನು! ಮೀನು ಮಾರುವಾಕೆ ದಿನಾ ನಮ್ಮ ಅಂಗಳದಲ್ಲೇ ಬುಟ್ಟಿ ಇಳಿಸಿ, "ಬಾಯೋರೇ, ಅಣ್ಣೋರು ಇನ್ನೂ ಸೋಲ್ತಾನೇ ಇದ್ರಾ?" ಎಂದು ಕುಶಲ ವಿಚಾರಿಸುತ್ತಿದ್ದಳು. ಸುಶೀಲಾ ಹುರಿಯುವಾಗ ಕಿಟಕಿ ಮುಚ್ಚುತ್ತಿದ್ದಳು. ಹೊಗೆ ಹೊರಗೆ ಹೋಗಿ ವ್ಯರ್ಥವಾಗಬಾರದಲ್ಲ!

ತಡೆಯಲಾರದೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿದೆ. ದೇವರ ಮೈಗೆ ಹಚ್ಚಿದ ಹೂವು ಬಲಕ್ಕೆ ಬಿದ್ದರೆ ಹರಕೆಯಿಂದ ಬಿಡುಗಡೆ, ಎಡಕ್ಕೆ ಬಿದ್ದರೆ ಇಲ್ಲ. ಒಮ್ಮೊಮ್ಮೆ ಹೂವು ಬೀಳಲು ಅರ್ಧ ಗಂಟೆಯೂ ಹಿಡಿಯುತ್ತದೆ. ನನ್ನದು ಕೈಮುಗಿಯುವಷ್ಟರಲ್ಲಿ ಎಡಕ್ಕೆ ಬಿತ್ತು. "ಇಷ್ಟು ಲಗೂ ಬಿದ್ದದ್ದು ನಾ ಕಂಡೇ ಇಲ್ಲ" ಎಂದು ಪೂಜಾರಿ ಸಂತೋಷಪಟ್ಟರು.

ಮೂರನೆಯ ಪಂದ್ಯ ನಮ್ಮೂರ ಗದ್ದೆಯಲ್ಲೇ. ಕೊನೆಯ ಚೆಂಡಿಗೆ ಮೂರು ರನ್ ಬೇಕು. ಗಜಾನನ ಕಣ್ಣುಮುಚ್ಚಿ ಬೀಸಿದ. ಚೆಂಡು ಸುಣ್ಣದ ಗೆರೆಯತ್ತ, ಅಂದರೆ ನನ್ನತ್ತ, ಉರುಳಿ ಬಂತು. ಫೋರ್! ಆಡುವವರಿಬ್ಬರೂ ಒಂದೇ ರನ್ನಿಗೆ ಓಟ ನಿಲ್ಲಿಸಿ ತಬ್ಬಿಕೊಂಡರು. ನನ್ನ ಕಣ್ಣಿಗೆ ಆ ಚೆಂಡು ಚೆಂಡಾಗಿ ಕಾಣಲಿಲ್ಲ, ಹುರಿದ ಇಸೋಣ ಮೀನಿನ ತುಂಡಾಗಿ ಕಂಡಿತು. ಎರಡೂ ಕೈ ಚಾಚಿ ಎದುರುಗೊಳ್ಳಲು ಓಡಿದೆ. ಗೆರೆಯ ಒಳಗೆ ಓಡಿದೆ! ಚೆಂಡು ನನ್ನ ಕಾಲಿಗೆ ಬಡಿದು ಅಲ್ಲೇ ನಿಂತಿತು.

ಅಂಪಾಯರ್ ಬಂದು ಚೆಂಡನ್ನೂ ಗೆರೆಯನ್ನೂ ನನ್ನನ್ನೂ ನೋಡಿ, "ಫೋರ್ ಇಲ್ಲ, ಒಂದೇ ರನ್" ಎಂದ. ಟೀಮಿನ ಸೋಲಿಗೆ ನಾನು ನೀಡಿದ ಮೊದಲ ವೈಯಕ್ತಿಕ ಕೊಡುಗೆ.

"ಅಣ್ಣಾ, ಇಡೀ ಸೀಸನ್ನಲ್ಲಿ ನಮ್ಮ ಕಡೆಯವ್ರು ಮಾಡಿದ ಒಂದೇ ಒಂದು ಚಲೋ ಫೀಲ್ಡಿಂಗು ನಿಮ್ದೇ" ಎಂದ ಗಜಾನನ. ಅವನ ಕಣ್ಣಲ್ಲಿ ನೀರಿತ್ತು.

ನಾಲ್ಕನೆಯದು ಅಂಕೋಲೆಯಲ್ಲಿ. ಆಟಕ್ಕೆ ಮುಂಚೆ ಅಂಕೋಲೆಯ ಕ್ಯಾಪ್ಟನ್ ಬಂದು, "ನಿಮ್ಮಲ್ಲಿ ಮೀನು ಬಿಟ್ಟವ್ರು ಯಾರು?" ಎಂದು ಕೇಳಿದ. ಹನ್ನೊಂದು ಬೆರಳು ನನ್ನತ್ತ ತಿರುಗಿದವು.

"ಎಷ್ಟು ದಿನ ಆತು ಅಜ್ಜಾ?"

"ಇಪ್ಪತ್ತೆಂಟು."

ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವಂತೆ ನನ್ನನ್ನು ನೋಡಿ, ತನ್ನವರನ್ನು ಕರೆದು ಗುಸುಗುಸು ಮಾತಾಡಿದ.

ಆಮೇಲೆ ನಡೆದದ್ದು ಅಪೂರ್ವ. ಅಂಗೈಗೆ ಬಂದ ಕ್ಯಾಚುಗಳನ್ನು ಅವರು ಬಿಟ್ಟರು. ನಮ್ಮವರು ಅಲ್ಲೇ ರನೌಟಾದರು. ಅವರು ಮೆಲ್ಲಗೆ ಚೆಂಡು ಹಾಕಿದರು. ನಮ್ಮವರು ಅದನ್ನೂ ಬಿಟ್ಟು ಬೌಲ್ಡ್ ಆದರು. "ಹೊಡಿಯಾ ತಮಾ, ಅಜ್ಜ ಪಾಪ!" ಎಂದು ಅವರ ವಿಕೆಟ್ ಕೀಪರ್ ಅಂಗಲಾಚುತ್ತಿದ್ದ. ಸೋಲಲೇಬೇಕೆಂದು ಹಟ ತೊಟ್ಟ ತಂಡ ಒಂದು ಕಡೆ, ಸೋತೇ ಪಳಗಿದ ತಂಡ ಇನ್ನೊಂದು ಕಡೆ. ಅಂಥ ಜಿದ್ದಾಜಿದ್ದಿ ನಾನು ಕಂಡಿಲ್ಲ! ಕೊನೆಗೆ ಅವರ ಬೌಲರ್ ನಮ್ಮ ಬ್ಯಾಟಿನ ಮೇಲೆ ನಂಬಿಕೆ ಕಳೆದುಕೊಂಡು ಸಾಲಾಗಿ ವೈಡ್ ಎಸೆದ. ಗೆದ್ದೆವು!

ಆ ಕ್ಯಾಪ್ಟನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಬಂಗಡೆ ತಂದುಕೊಟ್ಟು, "ಇಂಥಾ ಕಷ್ಟ ವೈರಿಗೂ ಬೇಡ ಅಜ್ಜಾ" ಎಂದ.

ಮನೆಯಲ್ಲಿ ತಟ್ಟೆಯ ಮುಂದೆ ಕೂತಾಗ ನನ್ನ ಆತ್ಮಸಾಕ್ಷಿ ಎದ್ದಿತು. "ಇದು ನಿಜವಾದ ಗೆಲುವು ಹೌದಾ ಸುಶೀಲಾ?"

"ನಿಮ್ಮವ್ರ ಎದ್ರು ಸೋಲೂದು ಅಂದ್ರೆ ಸಣ್ಣ ಕೆಲ್ಸವಾ? ಪಾಪ, ಎಷ್ಟು ಬೆವರು ಸುರ್ಸಿದ್ರೇನ. ಅವ್ರ ಶ್ರಮಕ್ಕೆ ಬೆಲೆ ಕೊಟ್ಟು ತಿನ್ನಿ."

ಆರು ಬಂಗಡೆಯಷ್ಟು ಬೆಲೆ ಕೊಟ್ಟೆ.

ಮೊನ್ನೆ ಮತ್ತೆ ಕೊಯ್ಲು ಮುಗಿದು ಸಭೆ ಸೇರಿತು. ಗಜಾನನ ಬ್ಯಾಟಿಂಗಿನ ಮಾತೆತ್ತಲಿಲ್ಲ, ಬೌಲಿಂಗಿನ ಮಾತೆತ್ತಲಿಲ್ಲ. ನೇರ ನನ್ನನ್ನೇ ನೋಡಿದ.

"ಹೋದ ಸಲ ಮೀನು ಬಿಟ್ಟದ್ದಕ್ಕೆ ಒಂದು ಮ್ಯಾಚು ಬಂತು. ಈ ಸಲ ಅಣ್ಣೋರು ಊಟನೇ ಬಿಟ್ರೆ ಫೈನಲ್ ತಂಕ ಹೋಗ್ಲಕ್ಕು!"

ಚಪ್ಪಾಳೆಯೋ ಚಪ್ಪಾಳೆ. ಟೀಮಿನ ಮೇಲಿನ ನನ್ನ ಅಭಿಮಾನ ನೋಡಿ, ನಾನೂ ತಟ್ಟುತ್ತಿದ್ದೆ.