ಒಂದು ಸೀನಿಗೆ ನೂರು ವರ್ಷ

ಸೀನೋದರಲ್ಲಿ ನನ್ನ ಮೀರಿಸೋ ಗಂಡು ಹೊಳಲ್ಕೆರೆಯಿಂದ ಹಿರಿಯೂರಿನವರೆಗೂ ಹುಟ್ಟಿಲ್ಲ. ನಮ್ಮೂರು ತಾಳ್ಯದಲ್ಲಿ ನಾನು ಸೀನಿದ್ರೆ ದೊಡ್ಡಿಯಲ್ಲಿ ಮಲಗಿದ್ದ ಕುರಿ ಎದ್ದು ನಿಲ್ತಿದ್ವು. ಇಂಥ ಮೂಗು ಹೊತ್ತು ತಿರುಗೋನಿಗೆ ದಿನಕ್ಕೊಂದು ಪ್ರಸಂಗ ಆಗದೆ ಇರುತ್ತಾ?

ಒಂಟಿ ಸೀನು

ಐಮಂಗಲದಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಸೀಟಿ ಊದೋದಕ್ಕೂ ನಾನು ಒಂದು ಸೀನೋದಕ್ಕೂ ಸರಿಹೋಯ್ತು. ಮುಂದಿನ ಸೀಟಿನ ಹೆಂಗಸು ಎದ್ದು ನಿಂತಳು.

"ಡ್ರೈವರಣ್ಣ, ನಿಲ್ಸ್ರಿ! ಒಂಟಿ ಸೀನು, ಹೊರಡಬಾರದು. ಏನಪ್ಪ, ಇನ್ನೊಂದು ಸೀನಿಬಿಡು."

ಬೇಕು ಅಂದಾಗ ಬರುತ್ತಾ? ಐವತ್ತು ಜನ ನನ್ನ ಮೂಗನ್ನೇ ನೋಡ್ತಾ ಕುಂತರು. ನನಗೋಸ್ಕರ ಅಷ್ಟು ಜನ ಯಾವತ್ತೂ ಕಾದಿದ್ದಿಲ್ಲ. ಕೊನೆಗೆ ಒಬ್ಬ ತಾತ ನಶ್ಯದ ಡಬ್ಬಿ ಚಾಚಿದ. ಎರಡನೇದು ಬಂತು, ಬಸ್ ಹೊರಟಿತು. ಆದರೆ ನನ್ನ ಸೀನು ನಿಲ್ಲಲಿಲ್ಲ. ಕಂಡಕ್ಟರ್ ಕೈಮುಗಿದ: "ಸಾಕು ನಿಲ್ಸಪ್ಪ, ಹಿರಿಯೂರೇ ಬಂತು!"

ಆಯಸ್ಸು

ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ನನ್ನ ಕೆಲಸ. ನಾರಿನ ಧೂಳು ಅಂದ್ರೆ ಮೂಗಿಗೆ ಹಬ್ಬ. ಕೋಣೆಯಲ್ಲಿ ಜೊತೆಗಿದ್ದ ಗೆಳೆಯ, "ನಿನ್ ಜೊತೆ ಇರೋದೂ ಒಂದೇ, ಹೈವೇ ಮಧ್ಯ ಚಾಪೆ ಹಾಸೋದೂ ಒಂದೇ" ಅಂತ ಗಂಟುಮೂಟೆ ಕಟ್ಟಿದ. ಹೋಗಲಿ, ನನಗೇನು!

ಊರಲ್ಲಿ ಸೀನಿದ್ರೆ ಅವ್ವ "ನೂರು ವರ್ಷ ಬಾಳು" ಅಂತಿದ್ಲು. ಇಲ್ಲಿ ಅನ್ನೋರಿಲ್ಲ. ಪಕ್ಕದ ಕೋಣೆಯ ಅಜ್ಜಿಯಂತೂ ಮುಖ ಕೊಟ್ಟು ಮಾತಾಡಿದವಳಲ್ಲ. ಸೀನಿ, ಸುತ್ತ ನೋಡಿ, ನನಗೆ ನಾನೇ ಅಂದುಕೊಳ್ತಿದ್ದೆ. ದಿನಕ್ಕೆ ಮೂವತ್ತು ಸೀನು, ಮೂರು ಸಾವಿರ ವರ್ಷ ಆಯಸ್ಸು. ಅಷ್ಟು ವರ್ಷ ಈ ಕೋಣೆಯಲ್ಲಿ ಒಬ್ಬನೇ ಏನು ಮಾಡಲಿ?

ಹಿಂಡು

ಚಿತ್ರದುರ್ಗದ ಡಾಕ್ಟರಮ್ಮ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದ್ರು. "ಅಲರ್ಜಿ. ಎಲ್ಲರ ಮೂಗಲ್ಲೂ ಬ್ಯಾಕ್ಟೀರಿಯಾ ವಾಸ ಇರ್ತವೆ. ಅಲರ್ಜಿಗೆ ಮೂಗು ಊದಿಕೊಂಡಾಗ ಅವುಗಳಲ್ಲಿ ಕೆಲವು ಕೆಟ್ಟವು ಹೆಚ್ಚಬಹುದು. ಅವು ಹೆಚ್ಚಿದ್ರೆ ಅಲರ್ಜಿ ಇನ್ನೂ ಕೆರಳಬಹುದು."

"ಎಲ್ಲಾನೂ ಸಾಯಿಸೋ ಗುಳಿಗೆ ಬರೀರಿ ಮೇಡಂ."

"ಬೇಡಪ್ಪ, ಒಳ್ಳೇವೂ ಇವೆ. ಮೊದಲು ಊತ ಇಳಿಸೋಣ. ಸ್ಪ್ರೇ ಕೊಡ್ತೀನಿ."

ಥಟ್ಟನೆ ಅರ್ಥ ಆಯ್ತು. ಕುರಿ ಕಾಯೋ ಮನೆಯವನು ನಾನು. ಎರಡು ತುಂಟ ಕುರಿಗೆ ಹಿಂಡನ್ನೇ ಮಾರ್ತೀವಾ?

"ಮನೇಲಿ ಎಷ್ಟು ಜನ ಇದೀರಿ?" ಅಂತ ಕೇಳಿದ್ರು.

"ಇಲ್ಲೀವರೆಗೂ ಒಬ್ಬನೇ ಅಂದ್ಕೊಂಡಿದ್ದೆ ಮೇಡಂ. ಈಗ ನೀವೇ ಹೇಳಿದ್ರಲ್ಲ!"

ಗೋಡೆ ಆಚೆ

ಸ್ಪ್ರೇ ಹೊಡೆದು, ಮಂಡಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿ, ಕೊನೆಗೂ ಸೀನು ನಿಂತಿತು. ಕೋಣೆ ಪೂರಾ ಮೌನ. ಜೊತೆಗಿದ್ದ ಸದ್ದು ಅದೊಂದೇ, ಅದೂ ಹೋಯ್ತು. ಮೂರನೇ ದಿನ ಸಂಜೆ ಬಾಗಿಲು ದಬದಬ. ಪಕ್ಕದ ಕೋಣೆ ಅಜ್ಜಿ!

"ಲೇ, ಬದುಕಿದ್ದೀಯಾ? ಮೂರು ದಿನದಿಂದ ಸೀನೇ ಇಲ್ಲ!"

"ಅದರಿಂದ ನಿನಗೇನಜ್ಜಿ?"

"ನನಗೇನಾ? ನೀನು ಸೀನಿದಾಗೆಲ್ಲ ಗೋಡೆ ಆಚೆ ಕುಂತು ನೂರು ವರ್ಷ ಬಾಳು, ನೂರು ವರ್ಷ ಬಾಳು ಅಂದೂ ಅಂದೂ ನನ್ನ ದವಡೆ ಬಿದ್ದೈತೆ!"

ನನ್ನ ಸೀನಿನ ಅಬ್ಬರದಲ್ಲಿ ಒಂದು ದಿನವೂ ಕೇಳಿಸಿರಲಿಲ್ಲ. ಅಳೋದೆಲ್ಲ ನಮ್ಮ ವಂಶದಲ್ಲಿಲ್ಲ. ಮೂಗು ಸ್ವಲ್ಪ ಸೋರಿತು, ಅದು ಅಲರ್ಜಿ.

ಈಗ ದಿನಾ ಕೆಲಸಕ್ಕೆ ಹೊರಡೋ ಮುಂಚೆ ಗೋಡೆ ಕಡೆ ತಿರುಗಿ ಬೇಕಂತಲೇ ಎರಡು ಸೀನ್ತೀನಿ. ಆಚೆಯಿಂದ ಕೂಗು ಬರುತ್ತೆ:

"ಲೇ, ಕಳ್ಳ ಸೀನು! ಐವತ್ತೇ ವರ್ಷ!"