ಅತ್ತೆಯ ಪಾರಣೆಯೂ ನನ್ನ ಹರಗೋಲೂ

ಸಂಸ್ಥಾನದ ಸಾಲೆಯಲ್ಲಿ ಭೂಗೋಳ ಕಲಿಸುವವನು ದಾರಿ ತಪ್ಪುವುದುಂಟೇ? ನಾನು ಎದೆಯುಬ್ಬಿಸಿ ಹೇಳಿದೆ: "ರಬಕವಿ ನಮ್ಮೂರಿಂದ ದಕ್ಷಿಣಕ್ಕ ಐತಿ. ಹೊಳಿನೂ ದಕ್ಷಿಣಕ್ಕ ಹರೀತೈತಿ. ಹರಗೋಲದಾಗ ಸುಮ್ನ ಕುಂತ್ರ ನೀರ ತಾನ ಒಯ್ದು ಇಳಸ್ತೈತಿ!"

ಹೆಂಡತಿ ಪದ್ಮಾವತಿ ಒಪ್ಪಲಿಲ್ಲ. "ಬಂಡ್ಯಾಗ ಹೋಗೂಣ್ರಿ. ಅವ್ವ ನಿನ್ನಿಯಿಂದ ಉಪಾಸ ಅದಾಳ."

ಅತ್ತೆಯದು ಅಷ್ಟಮಿಯ ಉಪವಾಸ. ರಬಕವಿಯಲ್ಲಿರುವ ಮಗನ ಮನೆಗೆ ಹೋಗಿ, ಅಲ್ಲಿಯ ಬಸದಿಯಲ್ಲಿ ದರ್ಶನ ಮಾಡಿಯೇ ಪಾರಣೆ, ಆಮೇಲೆಯೇ ಉಪವಾಸ ಬಿಡುವುದು ಎಂದು ಅವರ ಹಟ. ನಾವು ಜೈನರು. ಹೊತ್ತು ಮುಳುಗಿದರೆ ಊಟವಿಲ್ಲ.

"ಮಧ್ಯಾಹ್ನಕ್ಕ ಅತ್ತಿಯವರನ್ನ ಊಟಕ್ಕ ಕುಂದ್ರಸಲಿಲ್ಲಂದ್ರ ನನ್ನ ಹೆಸರ ಬ್ಯಾರೆ ಇಡ್ರಿ!" ಎಂದು ಸಾರಿ, ಗಂಟುಮೂಟೆಯನ್ನು ಮಾತ್ರ ಬಂಡಿಯಲ್ಲಿ ಮುಂದೆ ಕಳಿಸಿದೆ. ನಾವು ಮೂವರೂ ಹರಗೋಲು ಹತ್ತಿದೆವು.

ಭೂಪಟದಲ್ಲಿ ಕೃಷ್ಣಾ ಹೊಳೆ ಬೆರಳುದ್ದ, ನೆಟ್ಟಗೆ ಇತ್ತು. ನಿಜವಾದ ಹೊಳೆ ಭೂಪಟ ಓದಿರಲಿಲ್ಲ! ಊರೂರು ಬಳಸಿಕೊಂಡು ಹರಿಯಿತು. ದುಂಡಗಿನ ಹರಗೋಲು ತಾನೂ ತಿರುಗುತ್ತ, ನಮ್ಮನ್ನೂ ತಿರುಗಿಸುತ್ತ ಹೊರಟಿತು.

"ಈಗ ಯಾವ ದಿಕ್ಕಿಗೆ ಹೊಂಟೇವ್ರಿ?" ಎಂದಳು ಪದ್ಮಾವತಿ.

"ದಕ್ಷಿಣಕ್ಕ," ಎಂದೆ. ಅಷ್ಟರಲ್ಲಿ ನನ್ನ ಮುಖ ಉತ್ತರಕ್ಕಾಗಿತ್ತು.

ಮಧ್ಯಾಹ್ನ ದಾಟಿತು. ರಬಕವಿಯ ಸುಳಿವಿಲ್ಲ. ನನಗೆ ತಾಳ್ಮೆ ತಪ್ಪಿತು. ಅಂಬಿಗರ ಯಮನಪ್ಪನ ಕೈಯಿಂದ ಕೋಲು ಕಸಿದುಕೊಂಡೆ.

"ಬ್ಯಾಡ್ರಿ ಮಾಸ್ತರ್ರ, ತಳದಾಗ ರಾಡಿ ಐತಿ!"

ರಾಡಿ ಕೋಲನ್ನು ಹಿಡಿಯಿತು. ನಾನೂ ಕೋಲನ್ನು ಹಿಡಿದೆ. ಹರಗೋಲು ಮಾತ್ರ ಯಾರನ್ನೂ ಕಾಯದೆ ಮುಂದೆ ನಡೆಯಿತು. ಅರ್ಧ ನಾನು ಹರಗೋಲಿನಲ್ಲಿ, ಇನ್ನರ್ಧ ಕೃಷ್ಣೆಯ ಮೇಲೆ! "ಬಿಡ್ರೀ!" ಎಂದು ಕಿರುಚಿ ಪದ್ಮಾವತಿ ನನ್ನ ಧೋತರ ಹಿಡಿದು ಎಳೆದಳು. ಬಿಟ್ಟೆ. ಕೋಲು ನಡುಹೊಳೆಯಲ್ಲಿ ನಿಂತಿತು.

ಯಮನಪ್ಪ ನೀರಿಗೆ ಹಾರಿದ. ಅವನು ಕೋಲು ಕಿತ್ತು ಈಸಿ ಬರುವಷ್ಟರಲ್ಲಿ ನಾವು ಮರಳ ದಿಬ್ಬಕ್ಕೆ ಕಚ್ಚಿಕೊಂಡಿದ್ದೆವು. ಎಲ್ಲರೂ ಇಳಿದು ನೂಕಿದೆವು. ಉಪವಾಸವಿದ್ದ ಅತ್ತೆಯೂ ಸೀರೆ ಎತ್ತಿ ಕಟ್ಟಿ ನೂಕಿದರು! ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ರಬಕವಿಯ ದಂಡೆಗೆ ಇಳಿದಾಗ ಹೊತ್ತು ಇಳಿದಿತ್ತು. ಓಡಿದೆವು. ಬಸದಿಯಲ್ಲಿ ಕೈಮುಗಿದು ಮತ್ತೆ ಓಡಿದೆವು. ಮನೆಯಲ್ಲಿ ಅತ್ತೆಯ ಸೊಸೆ ಹೋಳಿಗೆ ತುಪ್ಪ ಬಡಿಸಿಟ್ಟು ಕಾಯುತ್ತಿದ್ದಳು. ಬೆಳಿಗ್ಗೆ ಕಳಿಸಿದ ಗಂಟುಮೂಟೆ ಮಧ್ಯಾಹ್ನವೇ ಬಂದು ಪಡಸಾಲೆಯಲ್ಲಿ ಆರಾಮಾಗಿ ಒರಗಿತ್ತು! ಅತ್ತೆ ಕಾಲು ತೊಳೆದು ಕುಳಿತರು, ತಾಟಿನ ಕಡೆ ಕೈ ಚಾಚಿದರು, ಕಿಟಕಿಯತ್ತ ನೋಡಿದರು. ಕೈ ಹಿಂದೆ ತೆಗೆದುಕೊಂಡರು.

"ಹೊತ್ತ ಮುಳಗಿತು."

"ನಂದ ತಪ್ಪಾತ್ರಿ," ಎಂದೆ.

"ಇರಲಿ ಬಿಡ್ರಿ ಅಳಿಯಾರ," ಎಂದರು ಅತ್ತೆ. "ನಾ ಒಂದ ಉಪಾಸ ಹಿಡದಿದ್ದೆ. ನೀವು ಇನ್ನೊಂದ ಮಾಡಿಸಿದ್ರಿ."

ನನ್ನ ಹೊಟ್ಟೆಯೂ ಖಾಲಿಯೇ ಇತ್ತು. ಹೋಳಿಗೆಯ ತಾಟನ್ನು ಪದ್ಮಾವತಿ ನನ್ನೆದುರಿನಿಂದಲೇ ಎತ್ತಿ ಒಳಗೆ ಒಯ್ದಳು.

ಹೆಸರು ಬೇರೆ ಇಡಿ ಎಂದಿದ್ದೆನಲ್ಲ, ಅದನ್ನು ಮಾತ್ರ ಯಾರೂ ಮರೆಯಲಿಲ್ಲ. ರಬಕವಿಯಲ್ಲಿ ಇಂದಿಗೂ ನಾನು ಉಪಾಸದ ಮಾಸ್ತರ!