ಭಾನುವಾರದ ಯಕ್ಷಿ

ಕಾಲ ಕೆಟ್ಟರೆ ಹಗ್ಗವೂ ಹಾವಾಗುತ್ತದೆ ಅನ್ನುತ್ತಾರೆ. ನನ್ನ ಕಾಲ ಕೆಟ್ಟಾಗ ನಾನು ವಿಮರ್ಶಕನಾದೆ. ಅದೂ ಪುಸ್ತಕಕ್ಕಲ್ಲ, ನಾಟಕಕ್ಕಲ್ಲ; ಕಾಲೇಜು ಹುಡುಗ ಹುಡುಗಿಯರ ನಡುವೆ ಯಕ್ಷಿಯೊಬ್ಬಳು ಬಂದು ಸೇರಿಕೊಳ್ಳುವ ಮಲಯಾಳಂ ಧಾರಾವಾಹಿಗೆ. ಕೇರಳದ ಯಕ್ಷಿ ಎಂದರೆ ಹಾಲೆ ಮರದಲ್ಲಿದ್ದುಕೊಂಡು ದಾರಿಹೋಕರ ರಕ್ತ ಹೀರುವ ಸುಂದರಿ. ವಿಮರ್ಶಕ ಎಂದರೆ ಬಿಪಿ ಮಾತ್ರೆ ನುಂಗಿ ಬ್ಯಾಂಕಿಗೆ ಹೋಗುವ, ನಿವೃತ್ತಿಯ ಹೊಸ್ತಿಲಲ್ಲಿರುವ ಆಫೀಸರು. ಇಂಥವನು ಅಂಥವಳ ಬೆನ್ನು ಹತ್ತಿದರೆ ಏನೇನಾಗಬೇಕೋ ಅದೆಲ್ಲ ಆಗುತ್ತಲೇ ಇರುತ್ತದೆ.

೧. ಕುಳಪ್ಪಮಿಲ್ಲ

ಬೆಂಗಳೂರಿನ ಒಂದು ಜಾಲಪತ್ರಿಕೆಯವರಿಗೆ ಮಲಯಾಳಂ ಧಾರಾವಾಹಿ ನೋಡಿ, ಪ್ರತಿ ಕಂತಿಗೂ ಕನ್ನಡದಲ್ಲಿ ವಿಮರ್ಶೆ ಬರೆಯುವವರು ಬೇಕಾಗಿದ್ದರು. ಕೊಚ್ಚಿಯ ನಮ್ಮ ಕನ್ನಡ ಸಂಘದಲ್ಲಿ ಸಭೆಗೆ ಬಾರದವರ ತಲೆಗೆ ಕೆಲಸ ಕಟ್ಟುವ ಒಳ್ಳೆಯ ಪದ್ಧತಿಯಿದೆ. ಆ ವಾರ ನಾನು ಸಭೆಗೆ ಹೋಗಿರಲಿಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದವನಿಗೆ ಗೊತ್ತಾಯಿತು, ಅದು ನನ್ನ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ನೋಡುವ ಧಾರಾವಾಹಿ.

ನಮ್ಮದು ಮೈಸೂರು. ಮಗಳು ಬೆಳೆದದ್ದು ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದಲ್ಲಿ. ನಾವಾಡುವ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ ಬರುತ್ತದೆ. ಪ್ಲಸ್ ಟೂ ಸೇರಿದ ಮೇಲೆ ಅದೂ ಒಂದೇ ಮಾತಿಗೆ ಇಳಿದಿತ್ತು. ಪರೀಕ್ಷೆ ಹೇಗಾಯ್ತು? "ಕುಳಪ್ಪಮಿಲ್ಲ." ಊಟ ಹೇಗಿತ್ತು? "ಕುಳಪ್ಪಮಿಲ್ಲ." ತೊಂದರೆಯೇನಿಲ್ಲ ಎಂದು ಅದರ ಅರ್ಥ. ತೊಂದರೆ ಇದ್ದದ್ದು ನನಗೆ. ಒಬ್ಬಳೇ ಮಗಳು, ಒಂದೇ ಮನೆ, ಮಾತಿಲ್ಲ. ನನಗೆ ಅದು ಸಹಿಸಲಾಗದ ಸಂಕಟವಾಗಿತ್ತು.

ಧೈರ್ಯ ಮಾಡಿ ಬಾಗಿಲು ತಟ್ಟಿದೆ. "ಪುಟ್ಟೀ, ಆ ಯಕ್ಷಿ ಬಿಕಾಂಗೆ ಯಾಕೆ ಸೇರಿದ್ಲು?"

ಅವಳು ಇಯರ್‌ಫೋನ್ ತೆಗೆದಳು. ಆಮೇಲೆ ಒಂದು ಗಂಟೆ ನಿಲ್ಲಿಸದೆ ಮಾತಾಡಿದಳು, ಮಲಯಾಳಂನಲ್ಲೇ. ಯಕ್ಷಿಗೆ ಮುನ್ನೂರು ವರ್ಷ, ಈಗ ಹಾಸ್ಟೆಲ್ ಆಗಿರುವ ಬಂಗಲೆ ಹಿಂದೆ ಅವಳದ್ದೇ, ಕಾಲೇಜಿನಲ್ಲಿ ಪ್ರಿನ್ಸಿಪಾಲರೊಬ್ಬರಿಗೇ ಅವಳ ಮೇಲೆ ಅನುಮಾನ. ಕತೆ ಕೇಳಿ ತಲೆ ತಿರುಗಿತು, ಮನಸ್ಸು ಮಾತ್ರ ತುಂಬಿತು. ಯಕ್ಷಿ ಇರುವವರೆಗೆ ವಿಮರ್ಶಕ ನಾನೇ ಎಂದು ಅಲ್ಲೇ ತೀರ್ಮಾನಿಸಿದೆ.

ಮೊದಲ ವಿಮರ್ಶೆಯನ್ನು ಬಹಳ ಶ್ರದ್ಧೆಯಿಂದ ಬರೆದೆ. ಮುನ್ನೂರು ವರ್ಷದವಳಿಗೆ ಪ್ರವೇಶ ಕೊಡುವಾಗ ಹುಟ್ಟಿದ ದಿನಾಂಕಕ್ಕೆ ಏನು ದಾಖಲೆ ನೋಡಿದರು? ಹಾಲೆ ಮರ ಕಾಯಂ ವಿಳಾಸವೋ, ತಾತ್ಕಾಲಿಕವೋ? ಫೋಟೋದಲ್ಲಿ ಮೂಡದವಳಿಗೆ ಗುರುತಿನ ಚೀಟಿ ಕೊಟ್ಟವರು ಯಾರು? ಸಂಪಾದಕಿ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಫೋನ್ ಮಾಡಿ ವಿನಯದಿಂದಲೇ ಕೇಳಿದಳು:

"ಸರ್, ಇದು ವಿಮರ್ಶೆನಾ, ಕೆವೈಸಿನಾ?"

೨. ಹತ್ತಿರ ಬಾ

ನಮ್ಮ ಶಾಖೆ ಇರುವುದು ಕಾಕ್ಕನಾಡಿನಲ್ಲಿ. ಒಮ್ಮೆ ವಿಮರ್ಶೆ ಕಳಿಸಲು ತಡವಾಗಿ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಕ್ಯಾಬಿನ್ನಿನಲ್ಲಿ ಕೂತು ಒಂದು ದೃಶ್ಯವನ್ನು ಮತ್ತೊಮ್ಮೆ ನೋಡೋಣ ಎಂದುಕೊಂಡೆ. ವೈರಿಲ್ಲದ ಇಯರ್‌ಫೋನ್ ಕಿವಿಗೆ ಸಿಕ್ಕಿಸಿ, ಮಗಳು ತನ್ನ ಫೋನಿನಿಂದ ಕಳಿಸಿದ್ದ ತುಣುಕನ್ನು ನನ್ನ ಮೊಬೈಲಿನಲ್ಲಿ ಹಚ್ಚಿದೆ. ಯಕ್ಷಿಯ ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲ. ವಾಲ್ಯೂಮ್ ಏರಿಸಿದೆ. ಆಗಲೂ ಇಲ್ಲ. ಪೂರ್ತಿ ಏರಿಸಿದೆ.

ಓಣಂ ಹಬ್ಬಕ್ಕೆ ಹಾಡು ಹಾಕಲೆಂದು ಹೊರಗಿನ ಕೌಂಟರಿನ ಪಕ್ಕ ಇಟ್ಟಿದ್ದ ಸ್ಪೀಕರಿಗೆ ಫೋನು ಜೋಡಿಸಿದವನು ನಾನೇ. ಫೋನಿಗೆ ಅದು ಚೆನ್ನಾಗಿ ನೆನಪಿತ್ತು, ನನಗೆ ಮರೆತಿತ್ತು.

"ವಾ... ಅಡುತ್ತು ವಾ..." ಹತ್ತಿರ ಬಾ ಎಂದು ಯಕ್ಷಿ ಇಡೀ ಶಾಖೆಯನ್ನು ಕರೆದಳು. ಹಿಂದೆಯೇ ಒಂದು ದೀರ್ಘವಾದ ನಿಟ್ಟುಸಿರು. ನಾನು ಬಾಗಿಲು ತೆರೆದು ಓಡಿ ಬರುವಷ್ಟರಲ್ಲಿ ಕ್ಯೂ ಚೆದುರಿತ್ತು, ಕ್ಯಾಷಿಯರು ಎದ್ದು ನಿಂತಿದ್ದ, ಸೆಕ್ಯುರಿಟಿಯವರು ಸುಮ್ಮನೆ ಮೇಲೆ ನೋಡುತ್ತಿದ್ದರು. ಪೆನ್ಷನ್ನಿಗೆ ಬಂದ ಅಮ್ಮಚ್ಚಿಯೊಬ್ಬರು ಮಾತ್ರ ಕ್ಯೂ ದಾಟಿ ಕೌಂಟರಿನ ಮುಂದೆ ಹೋಗಿ ನಿಂತಿದ್ದರು.

"ನಿಮ್ಮ ಸರದಿ ಇನ್ನೂ ಬಂದಿಲ್ಲವಲ್ಲ ಅಮ್ಮಚ್ಚೀ" ಅಂದೆ.

"ಸರದಿ ಗಿರದಿ ಬಿಡು ಮೋನೇ" ಅಂದರು ಅವರು ಮಲಯಾಳಂನಲ್ಲಿ, ಮಗನನ್ನು ಕರೆದ ಹಾಗೆ. "ಇಷ್ಟು ವರ್ಷದಲ್ಲಿ ಈ ಬ್ಯಾಂಕಿನವರು ಯಾರಾದರೂ ಪ್ರೀತಿಯಿಂದ ಕರೆದದ್ದು ಇವತ್ತೇ ಮೊದಲು."

೩. ಮಂಚ ಯಾಕ ಕಿರ್ ಅಂತು?

ನನ್ನ ಓದುಗರೆಲ್ಲ ಕರ್ನಾಟಕದವರು. ಧಾರಾವಾಹಿಯನ್ನು ನೋಡಿದವರಲ್ಲ, ನಾನು ಬರೆದದ್ದನ್ನೇ ನಂಬಿದವರು. ಎರಡನ್ನೂ ಬಲ್ಲವರೆಂದರೆ ತಿರುವನಂತಪುರದ ಒಬ್ಬ ಹಿರಿಯರು. ಧಾರವಾಡದವರು, ಅಲ್ಲಿನ ತುಂಬ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೇಗೋ ನನ್ನ ನಂಬರು ಹುಡುಕಿ ಫೋನ್ ಮಾಡಿದರು.

"ಏನ್ರೀ, ನಿಮ್ಮ ಯಕ್ಷಿ ಹಾಲಿ ಮರದ ಮ್ಯಾಲಿಂದ ಹಾಸ್ಟೆಲ್ ಕಿಡಕಿಗೆ ಹಾರತಾಳಲ್ಲ, ಹಂಗ ಹಾರಿದ್ರ ಕಿಡಕಿ ಸಿಗಂಗಿಲ್ರಿ. ಸೀದಾ ಹೋಗಿ ಮೆಸ್ಸಿನ ಮ್ಯಾಲೆ ಬೀಳತಾಳ. ನೀವು ಅದನ್ನ 'ಮನಮೋಹಕ ದೃಶ್ಯ' ಅಂತ ಬರದೀರಿ."

"ಸರ್, ಅವಳು ದೆವ್ವ."

"ದೆವ್ವ ಇರ್ಲಿ ಬಿಡ್ರಿ. ತೂಕ ಐತೋ ಇಲ್ಲೋ? ತೂಕ ಇಲ್ಲಂದ್ರ ಆಕಿ ಕೂತಾಗ ಮಂಚ ಯಾಕ ಕಿರ್ ಅಂತು?"

ಮಾತು ಬದಲಿಸಲು, "ನೀವು ದೆವ್ವ ಭೂತ ನಂಬ್ತೀರಾ ಸರ್?" ಎಂದು ಕೇಳಿದೆ.

"ಛೇ ಛೇ, ಸುಳ್ಳ ಅವೆಲ್ಲ" ಅಂದರು. "ದೆವ್ವ ಸುಳ್ಳ ಇರ್ಲಿ, ಲೆಕ್ಕ ಸುಳ್ಳಾಗಬಾರದು ನೋಡ್ರಿ."

೪. ಪ್ರಿನ್ಸಿಪಾಲರು ಕಾಗೆಯಾದದ್ದು

ಮಗಳಿಗೆ ತಿರುವನಂತಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳು ಹಾಸ್ಟೆಲಿಗೆ ಹೋದಳು, ಅವಳ ಫೋನಿನಲ್ಲಿದ್ದ ಧಾರಾವಾಹಿಯ ಆ್ಯಪ್ ಕೂಡ ಹೋಯಿತು. ನಾನೊಂದು ಹಾಕಿಸಿಕೊಳ್ಳಬಹುದಿತ್ತು. ಹಾಕಿಸಿಕೊಂಡರೆ ಅವಳಿಗೆ ಫೋನ್ ಮಾಡಿ ಕೇಳಲು ಏನುಳಿಯುತ್ತದೆ? ಮತ್ತೆ ಕುಳಪ್ಪಮಿಲ್ಲ. ಅದಕ್ಕೇ, "ನೀನು ನೋಡಿ ಭಾನುವಾರ ನನಗೆ ಹೇಳು ಪುಟ್ಟಿ, ಕೇಳಿಕೊಂಡೇ ಬರೆಯುತ್ತೇನೆ" ಅಂದೆ. ಅವಳು "ಶರಿ" ಅಂದಳು.

ಮೊದಲ ಭಾನುವಾರವೇ ಒಂದು ಪವಾಡ ನಡೆಯಿತು. ಅವಳು ಕತೆಯನ್ನು ಕನ್ನಡದಲ್ಲಿ ಹೇಳತೊಡಗಿದಳು. ತಡವರಿಸುತ್ತ, ಅಲ್ಲಲ್ಲಿ ಮಲಯಾಳಂ ಊರುಗೋಲು ಹಿಡಿದು, ಆದರೂ ಕನ್ನಡ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಏನೋ ಹೇಳಹೊರಟಳು, ಕೈ ಮಾಡಿ ತಡೆದೆ. ಮೆಚ್ಚಿಕೊಂಡರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಹೆದರಿಕೆ ನನಗೆ.

ಕತೆ ಮಾತ್ರ ವಾರದಿಂದ ವಾರಕ್ಕೆ ದಿಕ್ಕು ತಪ್ಪಿತು. ಯಕ್ಷಿ ಸಸ್ಯಾಹಾರಿಯಾದಳು. ಆಮೇಲೆ ಹಾಸ್ಟೆಲಿನ ಉಪ್ಪಿಟ್ಟು ತಿಂದು ಸತ್ತಳು. ನಾನು ಖಾರವಾಗಿ ಬರೆದೆ: "ಕತೆ ಬರೆಯುವವರಿಗೆ ಅನುಭವ ಸಾಲದು. ಹಿರಿಯರು ಯಾರಾದರೂ ಕೂರಿಸಿಕೊಂಡು ಬುದ್ಧಿ ಹೇಳಬೇಕು. ಇಡೀ ಧಾರಾವಾಹಿಯಲ್ಲಿ ತೂಕವಿರುವ ಪಾತ್ರ ಪ್ರಿನ್ಸಿಪಾಲರದ್ದೊಂದೇ." ಅವರು ಹಾಜರಿ ವಿಷಯದಲ್ಲಿ ಕಟ್ಟುನಿಟ್ಟು, ಅದಕ್ಕೇ ನನಗೆ ಅಚ್ಚುಮೆಚ್ಚು.

ಮುಂದಿನ ಭಾನುವಾರ ಪ್ರಿನ್ಸಿಪಾಲರು ಕಾಗೆಯಾದರು. ಮೆಸ್ಸಿನಲ್ಲಿ ಹಪ್ಪಳ ಕದಿಯುವ ಕಾಗೆ. ನಾನು ಇನ್ನಷ್ಟು ಖಾರವಾಗಿ ಬರೆದೆ. ಅದರ ಮುಂದಿನ ಭಾನುವಾರ ಕಾಗೆಗೆ ಒಂದು ಕಾಲು ಕುಂಟಾಯಿತು. ಸಂಪಾದಕಿಗೆ ಬಹಳ ಖುಷಿ. "ಸೂಪರ್ ಸರ್, ಓದುಗರು ಮುಗಿಬಿದ್ದು ಓದ್ತಿದಾರೆ" ಅಂದಳು.

ಧಾರವಾಡದ ಹಿರಿಯರು ಮಾತ್ರ ಫೋನ್ ಮಾಡಿದರು. "ನಿಮ್ಮ ಯಕ್ಷಿ ಸತ್ತು ಮೂರು ವಾರ ಆತಂತ. ನಮ್ಮ ಟೀವಿಯ ಆ್ಯಪಿನೊಳಗ ನಿನ್ನೆ ಕಾಲೇಜಿಗೆ ಬಂದಿದ್ಲಲ್ರಿ?"

"ಸರ್, ಮಧ್ಯದಲ್ಲಿ ನಿಮಗೆ ನಿದ್ದೆ ಹತ್ತಿರಬೇಕು" ಅಂದೆ, ಅನುಭವಸ್ಥ ವಿಮರ್ಶಕನ ಗತ್ತಿನಲ್ಲಿ.

ಅವರು ಯೋಚಿಸಿ ಹೇಳಿದರು: "ಹತ್ತಿರಬಹುದು ಬಿಡ್ರಿ. ಆದ್ರ ಮೂರು ವಾರ?"

೫. ಕೊನೆಯ ಕಂತು

ಅಷ್ಟರಲ್ಲಿ ಧಾರಾವಾಹಿ ಮುಗಿಯುತ್ತದೆ ಎಂಬ ಸುದ್ದಿ ಬಂತು. ಜನ ಯಕ್ಷಿಗೆ ಹೆದರಿದರೆ ನಾನು ಯಕ್ಷಿಯಿಲ್ಲದ ಭಾನುವಾರಕ್ಕೆ ಹೆದರಿದೆ. ಕೊನೆಯ ಕಂತನ್ನಾದರೂ ಮಗಳ ಜೊತೆ ಕೂತು ನೋಡಬೇಕೆಂದು ನನ್ನ ಫೋನಿಗೂ ಆ್ಯಪ್ ಹಾಕಿಸಿಕೊಂಡೆ, ರಜೆ ಹಾಕಿ ತಿರುವನಂತಪುರದ ರೈಲು ಹತ್ತಿದೆ. ಹೇಳದೆ ಕೇಳದೆ ಹಾಸ್ಟೆಲಿನ ಗೇಟಿನಲ್ಲಿ ಹೋಗಿ ನಿಂತೆ. ಮಗಳು ಬಂದಳು, ಜೊತೆಗೆ ಅವಳ ರೂಮ್‌ಮೇಟ್, ಕಾಸರಗೋಡಿನ ಕನ್ನಡದ ಹುಡುಗಿ.

ಮ್ಯೂಸಿಯಂ ಆವರಣದ ಬೆಂಚಿನ ಮೇಲೆ ಮೂವರೂ ಕೂತೆವು. ನಡುವೆ ಬಿಸಿ ಪಳಂಪೊರಿಯ ಪೊಟ್ಟಣ, ಮೈಸೂರಿನವರು ಬಾಳೆಹಣ್ಣಿನ ಬಜ್ಜಿ ಎನ್ನಬಹುದು. "ಬೇಡ ಅಪ್ಪಾ, ಆಮೇಲೆ ನೋಡೋಣ" ಎಂದು ಮಗಳು ಎರಡು ಸಲ ಅಂದಳು. ನಾನು ಕೇಳದೆ ಕಂತು ಹಚ್ಚಿದೆ.

ಮೊದಲ ದೃಶ್ಯದಲ್ಲೇ ಉಪ್ಪಿಟ್ಟು ತಿಂದು ಸತ್ತವಳು ವೇದಿಕೆಯ ಮೇಲೆ ಕುಣಿಯುತ್ತಿದ್ದಳು. ಪ್ರಿನ್ಸಿಪಾಲರು ಕೋಟು ಹಾಕಿಕೊಂಡು, ಎರಡೂ ಕಾಲಲ್ಲಿ ನೆಟ್ಟಗೆ ನಿಂತು ಅವಳಿಗೆ ಬಹುಮಾನ ಕೊಟ್ಟರು.

"ಇವರು ಕಾಗೆ ಅಲ್ವಾ?" ಅಂದೆ.

ಕಾಸರಗೋಡಿನ ಹುಡುಗಿ ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು. "ಅಂಕಲ್, ಅವಳು ಇದನ್ನು ನೋಡುದೇ ಇಲ್ಲ. ಹಾಸ್ಟೆಲಿಗೆ ಬಂದ ಮೇಲೆ ಒಂದು ಸಲವೂ ನೋಡ್ಲಿಲ್ಲ. ಇದು ಶಾಲೆ ಮಕ್ಕಳು ನೋಡುದಂತೆ."

ನಾನು ಮಗಳ ಕಡೆ ತಿರುಗಿದೆ. "ಮತ್ತೆ ನೀನು ಹೇಳಿದ್ದೆಲ್ಲ?"

"ನಾನೇ ಮಾಡಿದ್ದು" ಅಂದಳು ಅವಳು, ನೆಲ ನೋಡುತ್ತ. "ನೋಡೋದು ಬಿಟ್ಟೆ ಅಂದ್ರೆ ನೀನು ಭಾನುವಾರ ಫೋನ್ ಮಾಡೋದು ಬಿಟ್ಟುಬಿಡ್ತೀಯ ಅಂತ."

ನಾನು ಒಂದು ಪಳಂಪೊರಿ ಬಾಯಿಗೆ ಹಾಕಿಕೊಂಡೆ, ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬರಲು ಒಳ್ಳೆಯ ನೆಪವಾಯಿತು.

"ಅದನ್ನ ಕನ್ನಡದಲ್ಲಿ ಯಾಕೆ ಹೇಳ್ತಿದ್ದೆ?"

"ಮಲಯಾಳಂನಲ್ಲಿ ಸುಳ್ಳು ಹೇಳಿದ್ರೆ ರೂಮಲ್ಲಿ ಎಲ್ಲರಿಗೂ ಗೊತ್ತಾಗಲ್ವಾ ಅಪ್ಪಾ?"

ಇಷ್ಟು ವರ್ಷ ಗಂಡ ಹೆಂಡತಿ ಇಬ್ಬರೂ ಸೇರಿ ಆಡಿಸಲಾಗದ ಕನ್ನಡವನ್ನು ಒಂದು ಸುಳ್ಳು ಆಡಿಸಿತ್ತು. ನಾನು ಬೆನ್ನು ತಟ್ಟಲು ಕೈ ಎತ್ತಿದ್ದೆ, ಕಾಸರಗೋಡಿನ ಹುಡುಗಿ ನಡುವೆ ಬಾಯಿ ಹಾಕಿದಳು. "ನಿಮ್ಮ ವಿಮರ್ಶೆ ನಾನೇ ಓದಿ ಹೇಳುದು ಅಂಕಲ್, ಅವಳಿಗೆ ಕನ್ನಡ ಅಕ್ಷರ ಗೊತ್ತಿಲ್ಲಲ್ಲಾ. 'ಅನುಭವ ಸಾಲದು, ಬುದ್ಧಿ ಹೇಳಬೇಕು' ಅಂತ ಓದಿದ ದಿನ ಇವಳು ಊಟವೇ ಮಾಡ್ಲಿಲ್ಲ. ಆ ಸಿಟ್ಟಿಗೇ ಪ್ರಿನ್ಸಿಪಾಲರನ್ನು ಕಾಗೆ ಮಾಡಿದ್ದು."

ಎತ್ತಿದ ಕೈಯನ್ನು ಕೆಳಗಿಳಿಸಿದೆ. ಫೋನಿನಲ್ಲಿ ಧಾರಾವಾಹಿ ತನ್ನ ಪಾಡಿಗೆ ತಾನು ಮುಗಿಯುತ್ತಿತ್ತು, ಮೂವರಲ್ಲಿ ಒಬ್ಬರೂ ನೋಡುತ್ತಿರಲಿಲ್ಲ. ಆರಿಸಿ ಜೇಬಿಗೆ ಹಾಕಿಕೊಂಡೆ.

"ಭಾನುವಾರ ಫೋನ್ ಮಾಡ್ಲಾ ಪುಟ್ಟಿ?"

"ಮಾಡು. ಕತೆ ಇನ್ನೂ ಇದೆ."

ಜೀವಮಾನದಲ್ಲಿ ಯಾವ ಮೇಲಧಿಕಾರಿಯ ಮುಂದೆಯೂ ತೋರದಷ್ಟು ವಿನಯದಿಂದ ಕೇಳಿದೆ: "ಪಾಪ, ಆ ಪ್ರಿನ್ಸಿಪಾಲರನ್ನ ಮತ್ತೆ ಮನುಷ್ಯನನ್ನಾಗಿ ಮಾಡೋಕೆ ಆಗುತ್ತಾ?"

ಮಗಳು ಪೊಟ್ಟಣದಲ್ಲಿದ್ದ ಕೊನೆಯ ಪಳಂಪೊರಿಯನ್ನು ಎತ್ತಿಕೊಂಡಳು.

"ಈ ವಾರದ ವಿಮರ್ಶೆ ನೋಡಿ ಹೇಳ್ತೀನಿ."